ಮೊದಲು ಕೆಳಗೆ ನಿಲ್ಲಬೇಕಾದವನು

ನಮ್ಮ ಕರಿಕಲ್ಲಿನ ಕ್ವಾರಿಯಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅನುಭವಸ್ಥನೊಬ್ಬ ಎಡ ಅಂಗೈಯನ್ನು ಬಂಡೆಯ ಮೈಗೆ ಒತ್ತಿಟ್ಟು, ಬಲಗೈಯ ಸುತ್ತಿಗೆಯಲ್ಲಿ ಮೂರು ಸಲ ತಟ್ಟಬೇಕು. ಒಳಗೆ ಬಿರುಕಿಲ್ಲದ ಕಲ್ಲು ಗಂಟಲು ಬಿಟ್ಟು ಕೂಗುತ್ತದೆ, ಅದಕ್ಕೆ ದನಿ ಇದೆ ಎನ್ನುತ್ತಿದ್ದೆವು. ಒಳಗೊಳಗೇ ಬಿರುಕು ಬಿಟ್ಟುಕೊಂಡ ಕಲ್ಲು ದಬ್ ಎಂದು ಸುಮ್ಮನಾಗುತ್ತದೆ, ಅದು ಮೂಗಗಲ್ಲು. ತಟ್ಟಿದವನು ‘ದನಿ ಅದ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ತಾನೇ ಮೊದಲು ಹೋಗಿ ಅದರ ಕೆಳಗೆ ನಿಲ್ಲಬೇಕು. ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು. ಆಮೇಲೆ ಉಳಿದವರು ಕೆಳಗಿಳಿಯುವುದು. ನಮ್ಮಪ್ಪ ಆಯುಸ್ಸಿನ ಅರ್ಧವನ್ನು ಹೀಗೆ ತಟ್ಟುವುದರಲ್ಲಿ, ಹೀಗೆ ನಿಲ್ಲುವುದರಲ್ಲಿ ಕಳೆದವನು. ನನಗೂ ಅವನೇ ಕಲಿಸಿದ.

ಅಪ್ಪನ ಕಿವಿ ಈಗಲೂ ಚುರುಕು. ಕೆಟ್ಟಿರುವುದು ಎದೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ ಎಂದು ಚಾಮರಾಜನಗರದ ಡಾಕ್ಟರು ನನ್ನ ಮುಖ ನೋಡದೆ ಹೇಳಿದ್ದರು. ಅದೇ ವರ್ಷ ನಮ್ಮ ಕ್ವಾರಿಯೂ ನಿಂತಿತು. ಪಿಯುಸಿ ಓದಿದ್ದೇನೆ, ಡ್ರಿಲ್ಲಿಂಗ್ ಮಷಿನ್ ಹಿಡಿಯುವುದರಲ್ಲಿ ನನ್ನ ಮೀರಿಸಿದವರಿಲ್ಲ ಎಂಬ ಕೊಬ್ಬೂ ಇತ್ತು. ಮೈಸೂರಿನ ಏಜೆಂಟನೊಬ್ಬ ‘ಹೊರದೇಶದಲ್ಲಿ ಕರೆಂಟು ತಯಾರಿಸುವ ಅಣೆಕಟ್ಟು ಕಟ್ಟುತ್ತಿದ್ದಾರೆ, ಸುರಂಗ ಕೊರೆಯುವವರು ಬೇಕು’ ಎಂದಾಗ ಎರಡನೇ ಮಾತಿಲ್ಲದೆ ಹೊರಟುಬಿಟ್ಟೆ.

ಆ ದೇಶದ ಹೆಸರು ಬರೆಯುವುದಿಲ್ಲ. ಯಾಕೆ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಎರಡು ವಿಮಾನ ಹತ್ತಿ ಇಳಿದು, ಆಮೇಲೆ ಎರಡು ದಿನ ಬಸ್ಸಿನಲ್ಲಿ ಸೊಂಟ ಮುರಿದುಕೊಂಡರೆ ಸಿಗುವ ಕಣಿವೆ. ಎರಡೂ ಕಡೆ ಬೆಟ್ಟ, ನಡುವೆ ಹಗಲೂ ರಾತ್ರಿ ಬೊಬ್ಬೆ ಹೊಡೆಯುವ ನದಿ, ನದಿಯ ಪಕ್ಕ ಒಂದೇ ಒಂದು ರಸ್ತೆ. ಬಿಳಿಗಿರಿರಂಗನ ಬೆಟ್ಟದ ಸಾಲನ್ನು ದೂರದಿಂದ ನೋಡಿಕೊಂಡು, ಬಯಲಿನಲ್ಲಿ ಬೆಳೆದ ನನಗೆ ಅಲ್ಲಿ ಆಕಾಶವೇ ಸಾಲುತ್ತಿರಲಿಲ್ಲ. ಇಳಿದ ದಿನವೇ ಕಂಪನಿಯವರು ಎಲ್ಲರ ಪಾಸ್‌ಪೋರ್ಟು ಈಸಿಕೊಂಡು ಆಫೀಸಿನ ಹಸಿರು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕಳೆದುಹೋಗದಿರಲಿ ಅಂತ ಎಂದರು. ನಾನೂ ಪೆದ್ದನ ಹಾಗೆ ಥ್ಯಾಂಕ್ಯೂ ಎಂದೆ.

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವನು ಗುಂಡ್ಲುಪೇಟೆಯವನು. ಊಟಿ ರಸ್ತೆಯಲ್ಲಿ ಅವನ ಅಣ್ಣಂದಿರ ಗ್ಯಾರೇಜಿದೆ. ಕಂಪ್ರೆಸರ್ ಬಿಚ್ಚಿ ಕಟ್ಟುವುದರಲ್ಲಿ ಗಟ್ಟಿಗ. ನನಗಿಂತ ಆರೇಳು ವರ್ಷ ಚಿಕ್ಕವನು. ಮನೆಯಲ್ಲಿ ಉರ್ದು, ಬಾಯಿ ತೆರೆದರೆ ನಮ್ಮ ಕಡೆಯದೇ ಕನ್ನಡ. ನನ್ನ ಚೀಲದ ಮೇಲಿದ್ದ ಚಾಮರಾಜನಗರದ ಬಟ್ಟೆ ಅಂಗಡಿಯ ಹೆಸರು ಓದಿ, “ಅಯ್ಯೋ ಅಣ್ಣ, ನಮ್ ಕಡೆಯವ್ರಾ!” ಎಂದು ಆ ಸಾಲಿನಲ್ಲೇ ತಬ್ಬಿಕೊಂಡ. ಅವತ್ತಿನಿಂದ ನಾನು ಅಣ್ಣ, ಅವನು ಭಾಯ್. ಸುರಂಗದಲ್ಲಿ ನಾನು ಮುಂದೆ ಕೊರೆಯುವವನು, ಅವನು ಹಿಂದೆ ನನ್ನ ಮಷಿನ್ನಿಗೆ ಗಾಳಿ ಕೊಡುವವನು. ನಾನು ಬಂಡೆ ತಟ್ಟಿ ಕೆಳಗೆ ನಿಲ್ಲುವುದನ್ನು ಮೊದಲ ದಿನ ನೋಡಿ ಬಿದ್ದು ಬಿದ್ದು ನಕ್ಕಿದ್ದ. ತಿಂಗಳು ಕಳೆಯುವುದರೊಳಗೆ ನಾನು ತಟ್ಟಿ ನಿಲ್ಲದೆ ಕಂಪ್ರೆಸರ್ ಸ್ಟಾರ್ಟ್ ಮಾಡುತ್ತಲೇ ಇರಲಿಲ್ಲ.

ಆ ನದಿಗೆ ಇಬ್ಬರು ಗಂಟುಬಿದ್ದಿದ್ದರು. ಎರಡೂ ದೊಡ್ಡ ದೇಶಗಳು, ಎರಡೂ ಹೊರಗಿನವು. ನಾವು ಕೂಲಿಗಳು ಅವರವರ ಹೆಲ್ಮೆಟ್ಟಿನ ಬಣ್ಣ ನೋಡಿ ಹಳದಿಯವರು, ನೀಲಿಯವರು ಎನ್ನುತ್ತಿದ್ದೆವು. ಸುರಂಗ ಕೊರೆಯುತ್ತಿದ್ದ ನಮ್ಮ ಕಂಪನಿ ಹಳದಿಯವರದು. ಹೇಗಾದರೂ ಮಾಡಿ ಆ ಕೆಲಸವನ್ನು ಕಿತ್ತುಕೊಳ್ಳಬೇಕು ಎಂದು ಕಾದಿದ್ದವರು ನೀಲಿಯವರು. ನದಿ ಯಾರ ಕೈಯಲ್ಲೋ ಕರೆಂಟು ಅವರ ಕೈಯಲ್ಲಿ, ಕರೆಂಟು ಯಾರ ಕೈಯಲ್ಲೋ ಆ ಬಡ ದೇಶದ ಜುಟ್ಟು ಅವರ ಕೈಯಲ್ಲಿ. ಇಷ್ಟೇ ಲೆಕ್ಕಾಚಾರ. ಹಳದಿಯವರು ಊರಿಗೆ ಶಾಲೆ ಕಟ್ಟಿಸಿ ಗೋಡೆಯ ಮೇಲೆ ತಮ್ಮ ಬಾವುಟ ಬರೆಸಿದರು. ನೀಲಿಯವರು ಸುಮ್ಮನಿರುತ್ತಾರೆಯೇ, ಆ್ಯಂಬುಲೆನ್ಸ್ ಕೊಟ್ಟು ಅದರ ಬಾಗಿಲ ಮೇಲೆ ತಮ್ಮದು ಬರೆಸಿದರು. ಕ್ಯಾಂಪಿನ ಎದುರು ಟೀ ಅಂಗಡಿ ಇಟ್ಟಿದ್ದ ಹೆಂಗಸು ಎರಡೂ ಬಾವುಟ ಇಟ್ಟುಕೊಂಡಿದ್ದಳು. ರಸ್ತೆಯ ತಿರುವಿನಲ್ಲಿ ಜೀಪು ಕಂಡರೆ ಸಾಕು, ಕಣ್ಣು ಕಿರಿದು ಮಾಡಿ ನೋಡಿ ಸರಿಯಾದದ್ದನ್ನು ಸಿಕ್ಕಿಸುತ್ತಿದ್ದಳು. ಕರೆಂಟಿನ ಹೆಸರಲ್ಲಿ ಇಷ್ಟೆಲ್ಲ ರಂಪ ನಡೆಯುತ್ತಿದ್ದ ಆ ಊರಿನಲ್ಲಿ ದಿನಕ್ಕೆ ಮೂರು ಗಂಟೆಯೂ ಕರೆಂಟು ಇರುತ್ತಿರಲಿಲ್ಲ!

ಇನ್ನೊಂದು ತಮಾಷೆ ಹೇಳುತ್ತೇನೆ. ಆ ರಸ್ತೆಯ ಎಡಕ್ಕೊಂದು ಬಲಕ್ಕೊಂದು ಶಂಕುಸ್ಥಾಪನೆಯ ಕಲ್ಲು ಇದ್ದವು. ಒಂದೇ ಪವರ್ ಹೌಸಿಗೆ ಎರಡು ಕಲ್ಲು, ಒಂದು ಹಳದಿಯವರದು, ಒಂದು ನೀಲಿಯವರದು. ಎರಡಕ್ಕೂ ಪರದೆ ಎಳೆದವನು ಅದೇ ಮಂತ್ರಿ. ಹತ್ತಿರ ಹೋಗಿ ನೋಡುತ್ತೇನೆ, ಎರಡೂ ಕನ್ನಡಿಯ ಹಾಗೆ ಪಾಲಿಶ್ ಮಾಡಿದ ಕರಿಕಲ್ಲು. ನಮ್ಮ ಕಡೆಯದೇ ಎಂದು ಆಣೆ ಇಟ್ಟು ಹೇಳಲಾರೆ, ಆದರೆ ಆ ಕಪ್ಪು, ಆ ಸಣ್ಣ ಕಾಳು ಬೇರೆ ಎಲ್ಲಿಯದಿದ್ದೀತು? ನಾನು ಎರಡನ್ನೂ ಬೆರಳ ಗೆಣ್ಣಿನಲ್ಲಿ ತಟ್ಟಿದೆ. ಎರಡಕ್ಕೂ ದನಿ ಇತ್ತು. ಊರು ನೆನಪಾಗಿ ಕಣ್ಣಲ್ಲಿ ನೀರು ಬಂತು, ಭಾಯ್ ನನ್ನ ಭುಜ ಹಿಡಿದು ಟೀ ಅಂಗಡಿಗೆ ಎಳೆದುಕೊಂಡು ಹೋದ.

ಎರಡನೇ ಮಳೆಗಾಲದಲ್ಲಿ ಸುರಂಗದ ಒಳಗೆ, ಬಾಯಿಂದ ಅರ್ಧ ಗಂಟೆ ನಡೆದರೆ ಸಿಗುವ ಒಂದು ತಿರುವಿನಲ್ಲಿ ಮೇಲಿನಿಂದ ಕಲ್ಲು ಕಳಚಿ ಬಿತ್ತು. ಊಟದ ಹೊತ್ತಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ನಾನು ಹೋಗಿ ತಟ್ಟಿದೆ. ಮೂಗ. ಎರಡು ಹೆಜ್ಜೆ ಮುಂದೆ ಹೋಗಿ ತಟ್ಟಿದೆ. ಮೂಗ. ಆ ತಿರುವಿನ ಇಡೀ ಚಾವಣಿ ಮೂಗ. “ಇಲ್ಲಿ ಕಂಬಿ ಬಿಗಿದು, ಸಿಮೆಂಟು ತುಂಬಿ, ಆಮೇಲೆ ಮುಂದಕ್ಕೆ ಹೋಗಬೇಕು” ಎಂದು ಮ್ಯಾನೇಜರನಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ಬರೆದುಕೊಂಡ. ಕೆಲಸ ನಿಂತಿತು. ಭಾಯ್ ಆಗ ಜ್ವರದಲ್ಲಿ ಮಲಗಿದ್ದ. ‘ಕಲ್ಲು ಬಿದ್ದಿದೆ, ಚೆಕ್ ಮಾಡುತ್ತಿದ್ದಾರೆ’ ಎಂದಷ್ಟೇ ಅವನಿಗೆ ಹೇಳಿದೆ. ಹುಷಾರಿಲ್ಲದವನ ತಲೆಗೆ ಇನ್ನೊಂದು ಹುಳ ಯಾಕೆ ಬಿಡಬೇಕು ಅಂತ.

ಸುದ್ದಿ ನೀಲಿಯವರ ಕಿವಿಗೆ ಬಿತ್ತು. ಅವರಿಗೆ ಹಬ್ಬ. ‘ಹಳದಿಯವರ ಸುರಂಗ ಬಿದ್ದುಹೋಗುತ್ತದೆ, ಕೆಲಸ ನಮಗೆ ಕೊಡಿ, ನಾವೇ ಪೂರ್ತಿ ಹಣ ಹಾಕುತ್ತೇವೆ’ ಎಂದು ಆ ಸರ್ಕಾರದ ಬೆನ್ನು ಹತ್ತಿದರು. ಹಳದಿಯವರು ‘ಎಲ್ಲ ಸುಳ್ಳು, ನಮ್ಮ ಬಂಡೆ ಭದ್ರ’ ಎಂದರು. ಸರ್ಕಾರ ವಿಚಾರಣೆ ಇಟ್ಟಿತು. ಅಲ್ಲಿ ಕೊರೆದ ಕೆಲಸಗಾರನ ಹೇಳಿಕೆ ಬೇಕು ಎಂದರು. ಕೊರೆದವನು ಯಾರು? ನಾನೇ, ನನ್ನ ಹಣೆಬರಹ.

ಅದೇ ವಾರ ಊರಿಂದ ಹೆಂಡತಿಯ ಫೋನು. “ಮಾವುಂಗ ಉಸ್ರು ಕಟ್ಟದೆ. ಆಸ್ಪತ್ರೆಲಿ ಆಕ್ಸಿಜನ್ ಆಕವ್ರೆ. ನಿಮ್ಮನ್ನೇ ಕೇಳ್ತಾವ್ರೆ. ಬೇಗ ಬಂದ್ಬುಡಿ” ಎಂದಳು. ಹಿಂದುಗಡೆ ಅಪ್ಪನ ಕೆಮ್ಮು ಕೇಳುತ್ತಿತ್ತು. ನಾನು ಓಡಿ ಹೋಗಿ ಮ್ಯಾನೇಜರನ ಮೇಜಿನ ಮುಂದೆ ನಿಂತೆ. ರಜೆ ಬೇಕು, ಪಾಸ್‌ಪೋರ್ಟು ಬೇಕು ಎಂದೆ. ಅವನು ಹಸಿರು ಬೀರುವಿನ ಕಡೆ ನೋಡಿ, ಮೇಜಿನ ಮೇಲೆ ಒಂದು ಹಾಳೆ ಇಟ್ಟ. ‘ತಿರುವಿನ ಬಂಡೆಯನ್ನು ನಾನು ಪರೀಕ್ಷಿಸಿದ್ದೇನೆ, ಅದು ಗಟ್ಟಿಯಾಗಿದೆ, ಕೆಲಸ ಮುಂದುವರಿಸಬಹುದು’ ಎಂದು ನನ್ನ ಹೆಸರಲ್ಲಿ ಟೈಪಾಗಿತ್ತು. ಸಹಿ ಮಾಡು, ನಾಳೆ ಬೆಳಿಗ್ಗೆ ಪಾಸ್‌ಪೋರ್ಟೂ ಟಿಕೆಟ್ಟೂ ನಿನ್ನ ಕೈಯಲ್ಲಿ ಎಂದ. ಹಾಳೆ ಅಲ್ಲೇ ಬಿಟ್ಟು ಎದ್ದು ಬಂದೆ.

ಟೀ ಅಂಗಡಿಯಲ್ಲಿ ನೀಲಿಯವರ ಅಧಿಕಾರಿ ನನಗಾಗಿಯೇ ಕಾದಿದ್ದ. ಬಹಳ ನಯ. ಕುರ್ಚಿ ಎಳೆದು ಕೊಟ್ಟ, ತನ್ನ ವಿಸಿಟಿಂಗ್ ಕಾರ್ಡು ಕೊಟ್ಟ. “ಬಂಡೆ ಕೆಟ್ಟಿದೆ ಅಂತ ಹೇಳು, ನಿನ್ನನ್ನು ರಾಜಧಾನಿಗೆ ಕರೆದುಕೊಂಡು ಹೋಗುತ್ತೇವೆ, ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇವೆ” ಎಂದ. ಊರಿಗೆ ಯಾವಾಗ ಹೋಗಬಹುದು ಎಂದೆ. ವಿಚಾರಣೆ ಮುಗಿದ ಮೇಲೆ, ನಾಲ್ಕು ತಿಂಗಳೋ ಆರು ತಿಂಗಳೋ ಎಂದ. ಬಂಡೆ ಕೆಟ್ಟದ್ದು ಹೌದೇ ಎಂದು ಅವನು ಕೇಳಲಿಲ್ಲ. ಒಬ್ಬನಿಗೆ ಅದು ಒಳ್ಳೆಯದಾಗಿರಬೇಕು, ಇನ್ನೊಬ್ಬನಿಗೆ ಕೆಟ್ಟದಾಗಿರಬೇಕು. ಅದು ಹೇಗಿದೆ ಎಂದು ತಿಳಿದುಕೊಳ್ಳುವ ಅಗತ್ಯ ಇಬ್ಬರಿಗೂ ಇರಲಿಲ್ಲ. ನಮ್ಮ ಎಂಬಸಿಗೆ ಹೋಗೋಣವೆಂದರೆ ಅದು ಎರಡು ದಿನದ ದಾರಿ. ಕಣಿವೆಯ ಎರಡೂ ತುದಿಯಲ್ಲಿ ಚೆಕ್‌ಪೋಸ್ಟು, ಪಾಸ್‌ಪೋರ್ಟು ತೋರಿಸದವನನ್ನು ಬಸ್ಸಿನಿಂದಲೇ ಇಳಿಸುತ್ತಾರೆ. ನಾನು ನಾಲ್ಕು ದಿನ ಆ ಒಂದೇ ರಸ್ತೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದೆ. ಬೋನಿಗೆ ಬಿದ್ದ ಚಿರತೆ ಹಾಗೆಯೇ ಓಡಾಡುವುದನ್ನು ಒಮ್ಮೆ ಬೇಗೂರಿನ ಹತ್ತಿರ ನೋಡಿದ್ದೆ.

ಐದನೆಯ ದಿನ ಸಹಿ ಮಾಡಿದೆ.

ಒಂದು ಫೋಟೋ ಬೇಕು, ಆ ತಿರುವಿನಲ್ಲೇ ನಿಂತುಕೋ ಎಂದ ಮ್ಯಾನೇಜರ್. ನನ್ನ ಕಾಲು ಎದ್ದರೆ ತಾನೇ! ತಲೆ ಸುತ್ತುತ್ತಿದೆ, ಅಷ್ಟು ದೂರ ನಡೆಯಲಾರೆ ಎಂದು ಸುಳ್ಳು ಹೇಳಿದೆ. ಕೊನೆಗೆ ಸುರಂಗದ ಬಾಯಲ್ಲೇ ಹಳದಿ ಹೆಲ್ಮೆಟ್ ಹಾಕಿ, ಕೈಗೆ ಸುತ್ತಿಗೆ ಕೊಟ್ಟು ಫೋಟೋ ತೆಗೆದರು. ಅಲ್ಲಿಯ ಬಂಡೆಗೆ ದನಿ ಇದೆ, ಅಲ್ಲಿ ಯಾರು ಬೇಕಾದರೂ ಸಂಸಾರ ಹೂಡಬಹುದು. ಮಾರನೆಯ ಬೆಳಿಗ್ಗೆ ಜೀಪು ಬಂದಾಗ ಭಾಯ್ ಇನ್ನೂ ಸುಸ್ತಿನಲ್ಲಿದ್ದ. ಎದ್ದು ಕೂತು, ತನ್ನ ಹೆಂಡತಿಗೆ ಕೊಡಿ ಎಂದು ಒಂದು ಉಣ್ಣೆ ಶಾಲು ನನ್ನ ಚೀಲಕ್ಕೆ ತುರುಕಿದ. “ಅಪ್ಪಾಜಿಗೆ ಏನೂ ಆಗಲ್ಲ ಅಣ್ಣ, ಧೈರ್ಯವಾಗಿ ಹೋಗಿ” ಎಂದ. ಆಗ ಹೇಳಬಹುದಿತ್ತು. ಡ್ರೈವರ್ ಹಾರ್ನ್ ಹೊಡೆದ, ನಾನು ಆ ಹಾರ್ನನ್ನೇ ನೆಪ ಮಾಡಿಕೊಂಡೆ.

ಅಪ್ಪ ಬದುಕಿದ್ದ. ನಾನು ಮನೆಗೆ ಬರುವ ಹೊತ್ತಿಗೆ ಆಸ್ಪತ್ರೆಯಿಂದ ನಮ್ಮೂರು ಹರದನಹಳ್ಳಿಗೆ ಕರೆತಂದು, ಜಗುಲಿಯ ಮೇಲೆ ಮೂರು ದಿಂಬು ಒರಗಿಸಿ ಕೂರಿಸಿದ್ದರು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಷ್ಟಕ್ಕೇ ಎಲ್ಲ ಸರಿಹೋಯಿತು, ಮಾಡಿದ್ದು ಸರಿಯೇ ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಚಾಮರಾಜನಗರದ ಅರಿಶಿನದ ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ. ಕಲ್ಲಿನ ಕೆಲಸಕ್ಕೆ ಕರೆದವರಿಗೆ ಬೆನ್ನು ನೋವು ಎಂದೆ.

ಶಾಲು ಕೊಡಲು ಗುಂಡ್ಲುಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮನೆ. ಭಾಯ್‌ನ ಹೆಂಡತಿ ಶಾಲನ್ನು ಕೆನ್ನೆಗೆ ಒತ್ತಿಕೊಂಡು ನೋಡಿ ಮಡಚಿಟ್ಟಳು. ಟೀ, ಬಿಸಿ ಸಮೋಸ ತಂದಿಟ್ಟು ಬಾಗಿಲ ಪಕ್ಕ ನಿಂತಳು.

“ಸುರಂಗದ ಕೆಲಸ ಮತ್ತೆ ಶುರುವಾಗಿದೆಯಂತೆ ಅಣ್ಣ. ಅಲ್ಲಿ ನಿಮ್ಮ ಫೋಟೋ ಹಾಕವ್ರಂತೆ. ಅಣ್ಣನೇ ತಟ್ಟಿ ನೋಡಿ ಸೈನ್ ಹಾಕವ್ರೆ, ಇನ್ನೇನು ಭಯ ಇಲ್ಲ ಅಂದ್ರು ಇವ್ರು. ಮೊದ್ಲು ನಂಗೆ ನಿದ್ದೆನೇ ಬರ್ತಿರ್ಲಿಲ್ಲ. ಈಗ ಬರುತ್ತೆ.”

ಕಚ್ಚಿದ ಸಮೋಸವನ್ನು ತಟ್ಟೆಗೆ ಇಟ್ಟೆ. ‘ಹೂಂ ಕಣಮ್ಮ’ ಎಂದೆ. ಅದೇನು ಬಾಯಿ ನನ್ನದು, ಬೆಂಕಿ ಹಾಕಬೇಕು ಅದಕ್ಕೆ! ಆ ಹೆಣ್ಣುಮಗಳು ಗೇಟಿನ ತನಕ ಬಂದು ಕೈಮುಗಿದಳು. ನಾನು ಬಸ್ಸು ಹತ್ತಿದವನು ಬೇಗೂರು ಬಂದಾಗಲೇ ಕಣ್ಣು ಬಿಟ್ಟಿದ್ದು. ಚಾಮರಾಜನಗರಕ್ಕಲ್ಲ, ಆ ಬಸ್ಸು ಮೈಸೂರಿನ ಕಡೆಯದು. ನಾನು ಬೋರ್ಡು ನೋಡದೆ ಹತ್ತಿದ್ದೆ.

ಆಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನ ಭಾಯ್ ಫೋನು. ಅಲ್ಲಿ ಅವನಿಗೆ ನಮಾಜಿಗೆ ಬಿಡುವು ಕೊಡುವ ದಿನ. ಇವತ್ತು ತಿರುವಿನ ಈಚೆ ಇದ್ದೀವಿ ಎನ್ನುತ್ತಿದ್ದ. ಕಂಬಿ ಬಿಗಿದರೇನೋ ಎಂದರೆ, ‘ಯಾಕಣ್ಣ, ಗಟ್ಟಿ ಇದೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ, ಅದಕ್ಕೇ ಬೇಡ ಅಂದ್ರು’ ಎಂದು ನಗುತ್ತಿದ್ದ. ನಾನು ಮಾತು ಬದಲಾಯಿಸುತ್ತಿದ್ದೆ.

ಒಂದು ಸಂಜೆ ಅಪ್ಪ ಜಗುಲಿಯ ಮೇಲಿಂದ ಕೂಗಿದ. “ಲೇಯ್ ಮಗ, ಬಾ ಇಲ್ಲಿ. ಬಂದಾಗಿಂದ ಒಂದ್ ದಿನಾನೂ ಅಲ್ಲಿ ಕಲ್ಲಿನ ಸುದ್ದಿ ಏಳ್ಳಿಲ್ಲ ನೀನು. ಎಂಗಿತ್ಲಾ ಆ ಬೆಟ್ಟ?”

“ಇತ್ತು ಕಣಪ್ಪ. ನಮ್ಮ ಕಲ್ಲಿನಂಗಲ್ಲ.”

“ಕೊನೆಗ ತಟ್ಟಿದ್ ಕಲ್ಲು?”

ನಾನು ಸುಮ್ಮನಿದ್ದೆ. ಅಪ್ಪ ಉಸಿರು ಕೂಡಿಸಿಕೊಂಡ. ಕಲ್ಲಿಗೇ ಕಿವಿ ಕೊಟ್ಟು ಬದುಕಿದವನು, ಮಗ ಸುಮ್ಮನಿದ್ದರೆ ತಿಳಿಯದೇ ಇರುತ್ತದೆಯೇ?

“ದನಿ ಅದ ಅಂದ್ಯಾ?”

“ಹೂಂ.”

“ನಿಂತ್ಕಂಡ್ಯಾ ಕೆಳುಗ?”

ನಾನು ಅಳಲು ಶುರುಮಾಡಿದೆ. ನಲವತ್ತು ದಾಟಿದ ಗಂಡಸು ಜಗುಲಿಯ ಮೇಲೆ ಕೂತು ಗೋಳೋ ಎಂದು ಅತ್ತೆ. ನಿನ್ನನ್ನು ನೋಡಬೇಕಿತ್ತು, ಅದಕ್ಕೇ ಮಾಡಿದೆ ಎಂದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, “ನಂದು ಮುಗ್ದೋದ ಎದೆ ಕಣ್ಲಾ. ಇದುಕ್ಕಾಗಿ ಮಾಡ್ಬುಟ್ಯಲ್ಲ” ಎಂದ. ಸ್ವಲ್ಪ ಹೊತ್ತಾದ ಮೇಲೆ, “ಸರಿ ಮಾಡು ಓಗು” ಎಂದ.

ಹೇಗೆ ಸರಿ ಮಾಡುವುದು? ಮೊದಲು ಹಳದಿ ಕಂಪನಿಗೆ ಬರೆದೆ, ನನ್ನ ಹೇಳಿಕೆ ಸುಳ್ಳು, ವಾಪಸ್ ತೆಗೆದುಕೊಳ್ಳುತ್ತೇನೆ ಎಂದು. ಉತ್ತರವಿಲ್ಲ. ಆಮೇಲೆ ನೀಲಿಯವರ ಅಧಿಕಾರಿಯ ಕಾರ್ಡು ಹುಡುಕಿ ಫೋನು ಮಾಡಿದೆ. ನಯವಾಗಿಯೇ ಮಾತಾಡಿದ. ಆಗಿದ್ದೇನೆಂದರೆ, ನಾನು ಇತ್ತ ಬಂದ ಮೇಲೆ ದೊಡ್ಡವರಿಬ್ಬರೂ ರಾಜಿಯಾಗಿಬಿಟ್ಟಿದ್ದರು. ಈ ನದಿ ಹಳದಿಯವರಿಗೆ, ಪಕ್ಕದ ಕಣಿವೆಯ ನದಿ ನೀಲಿಯವರಿಗೆ, ಕರೆಂಟಿನ ತಂತಿ ಇಬ್ಬರದೂ. “ಅಂದು ನಿನ್ನ ಮಾತು ಬೇಕಿತ್ತು. ಈಗ ಆ ವಿಷಯ ಮುಗಿದಿದೆ” ಎಂದ. ಒಳಗೆ ಜನ ಇದ್ದಾರೆ ಸ್ವಾಮಿ ಎಂದು ಕಿರುಚಿದೆ, ಕನ್ನಡದಲ್ಲೇ. ಮಂಡಿಯಲ್ಲಿ ಮೂಟೆ ಹೊರುವವರು ನಿಂತು ನನ್ನನ್ನೇ ನೋಡಿದರು. ನಮ್ಮ ಎಂಬಸಿಗೂ ಇಂಗ್ಲಿಷಿನಲ್ಲಿ ಅರ್ಜಿ ಕಳಿಸಿದೆ. ಸ್ವೀಕರಿಸಲಾಗಿದೆ ಎಂಬ ಒಂದು ಸಾಲು ಬಂತು.

ಇನ್ನು ಉಳಿದದ್ದು ಒಂದೇ. ಮುಂದಿನ ಶುಕ್ರವಾರ ಮಂಡಿಗೆ ರಜೆ ಹಾಕಿ, ಜಗುಲಿಯಲ್ಲಿ ಅಪ್ಪನ ಪಕ್ಕ ಕೂತು ಕಾದೆ. ಫೋನು ಬಂತು. ಅವನಿಗೆ ಮಾತಾಡಲು ಬಿಡದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ತಿರುವು ಪೂರ್ತಿ ಮೂಗ, ನನಗೆ ಗೊತ್ತಿತ್ತು, ಫೋಟೋ ತೆಗೆದದ್ದು ಸುರಂಗದ ಬಾಯಲ್ಲಿ, ನಾನು ನಿಲ್ಲಲಿಲ್ಲ, ನಿನಗೆ ಹೇಳಲೂ ಇಲ್ಲ. ಒಳಗೆ ಹೋಗಬೇಡ ಭಾಯ್, ಕಾಲಿಗೆ ಬೀಳುತ್ತೇನೆ.

ಫೋನಿನ ಆ ಕಡೆ ನದಿಯ ಸದ್ದಷ್ಟೇ ಕೇಳುತ್ತಿತ್ತು.

“ಹೋಗದೆ ಏನ್ ಮಾಡ್ಲಿ ಅಣ್ಣ?” ಎಂದ. ಕೋಪವಿರಲಿಲ್ಲ ಆ ದನಿಯಲ್ಲಿ. “ಪಾಸ್‌ಪೋರ್ಟ್ ಆ ಬೀರುವಿನಲ್ಲೇ ಇದೆ. ಅಗ್ರಿಮೆಂಟು ಇನ್ನೂ ಒಂದು ವರ್ಷ ಇದೆ ನಂದು. ಕಲ್ಲಿನ ವಿಷಯ ನಂಗೇನ್ ಗೊತ್ತು ಅಂತಾರೆ, ನಂಗೆ ಸೈನ್ ಹಾಕೋಕೂ ಯಾರೂ ಹಾಳೆ ಕೊಡಲ್ಲ. ನಿಮ್ಮ ಫೋಟೋ ನೋಡ್ಕೊಂಡು ಬಿಸ್ಮಿಲ್ಲಾ ಅಂತ ಒಳಗೆ ಹೋಗ್ತಿದ್ದೆ. ನೀವು ಹೇಳ್ದೇ ಇದ್ದಿದ್ರೆ ಧೈರ್ಯವಾಗಾದ್ರೂ ಹೋಗ್ತಿದ್ದೆ.”

ನಾನು ಏನೋ ಹೇಳಲು ಹೋದೆ. ಹಿಂದುಗಡೆ ಸೈರನ್ ಕೂಗಿತು. ಆ ಸೈರನ್ ನನಗೆ ಗೊತ್ತು, ಪಾಳಿ ಬದಲಾಗುವ ಹೊತ್ತಿನದು.

“ಮನೆಯವಳಿಗೆ ಹೇಳ್ಬೇಡಿ ಅಣ್ಣ. ಅವಳಾದ್ರೂ ನಿದ್ದೆ ಮಾಡ್ಲಿ” ಎಂದು ಫೋನಿಟ್ಟ.

ಅಪ್ಪ ದಿಂಬಿನಿಂದ ತಲೆ ಎತ್ತಿ, “ಏನಂದ್ಲಾ?” ಎಂದ.

“ಒಳಗೆ ಹೋದ ಕಣಪ್ಪ” ಎಂದೆ.